ಸಾಮ್ರಾಜ್ಯ ಹೋದ ಮೇಲೆ ಕೆರೆ ಯಾರದು?

ಮಾನ್ಯ ಸಂಪಾದಕರೇ,

ನಿಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬಂದ, ಹಿಂದೊಮ್ಮೆ ಸಾಮ್ರಾಜ್ಯವಾಗಿ ಮೆರೆದ ಕಲ್ಪಿತ ದಕ್ಷಿಣ ರಾಜ್ಯದ ಪರಿಚಯ ಓದಿದೆವು. ಏಳು ಸುತ್ತಿನ ಕೋಟೆ, ಲಕ್ಷ ಕುದುರೆ, ಬಂಗಾರದ ಸಿಂಹಾಸನ ಎಲ್ಲ ಇವೆ. ಒಂದು ಕೆರೆಯಿಲ್ಲ, ಕಂದಾಯ ಕಟ್ಟುವ ಒಬ್ಬ ರೈತನಿಲ್ಲ. ಕಲ್ಪನೆಗೆ ನಮ್ಮ ತಕರಾರಿಲ್ಲ. ಆದರೆ ಸಾಮ್ರಾಜ್ಯ ಕಳೆದುಕೊಂಡ ರಾಜ್ಯ ಹೇಗಿರುತ್ತದೆಂದು ತಿಳಿಯಲು ಮಡಕಶಿರಾದಿಂದ ಪೆನುಕೊಂಡೆಯ ಬಸ್ಸು ಹತ್ತಿದರೂ ಸಾಕಿತ್ತು.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ವಿಜಯನಗರ ಸೋತ ಬಳಿಕ ಅದರ ಆಳ್ವಿಕೆ ವಹಿಸಿಕೊಂಡ ತಿರುಮಲರಾಯ ನೆಲೆ ಮಾಡಿಕೊಂಡದ್ದು ಪೆನುಕೊಂಡೆಯಲ್ಲಿ. ಬಿರುದುಗಳು ಹಾಗೇ ಉಳಿದವು, ಕರಗಿದ್ದು ಬೊಕ್ಕಸ. ರಾಯರು ನಾಯಕರಿಗೆ ಸೀಮೆ ವಹಿಸಿಕೊಡುವ ನಾಯಂಕರದ ಕರಾರೇ ಹಾಗೆ: ಸೀಮೆ ಉಣ್ಣುವ ನಾಯಕ ಇಂತಿಷ್ಟು ದಂಡು ಸಾಕಬೇಕು, ಇಂತಿಷ್ಟು ಹಣ ಅರಮನೆಗೆ ಕಟ್ಟಬೇಕು. ರಾಯರ ಕೈ ಸೋತಾಗ ಮೊದಲು ನಿಲ್ಲುವುದು ಹಣ, ಕಟ್ಟಕಡೆಗೆ ಬಿಡುವುದು ಹೆಸರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೂ ಮೈಸೂರು ಸೀಮೆಯ ಶಾಸನಗಳಲ್ಲಿ ರಾಯರ ಹೆಸರು ಬರುತ್ತಲೇ ಇತ್ತು. ಇನ್ನು ಕುದುರೆ: ಒಳ್ಳೆಯವು ಅರಬ್ ನಾಡಿನಿಂದ, ಹೊರ್ಮುಜಿನಿಂದ ಹಡಗಿನಲ್ಲಿ ಭಟ್ಕಳ, ಗೋವೆಗೆ ಬಂದಿಳಿಯುತ್ತಿದ್ದವು. ಬಂದರು ಕೈಬಿಟ್ಟ ನಿಮ್ಮ ಅರಸನಿಗೆ ಲಕ್ಷ ಕುದುರೆ ಎಲ್ಲಿಂದ ಬಂದವು?

ಕೆರೆಯ ವಿಷಯಕ್ಕೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನ ನೋಡಬೇಕು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ತಾನು ಕಟ್ಟಿಸಿದ ಕೆರೆಯ ಬಗ್ಗೆ 1369ರಲ್ಲಿ ಹಾಕಿಸಿದ್ದು. ದಿನಕ್ಕೆ ಸಾವಿರ ಕೂಲಿಯಾಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕ ಕೊಟ್ಟಿದೆ. ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಹೇಳಿದೆ. ದೋಷಗಳೆಂದರೆ ಏರಿ ಜಿನುಗುವುದು, ಚೌಳು ನೆಲ, ಕೆರೆಯ ಮಧ್ಯೆ ದಿಬ್ಬ, ನೀರು ಕಮ್ಮಿ ಜಮೀನು ಹೆಚ್ಚು, ಜಮೀನು ಕಮ್ಮಿ ನೀರು ಹೆಚ್ಚು. ಇನ್ನೊಂದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಗಡಿಯವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಏರಿ ಒಬ್ಬ ನಾಯಕನ ಪಾಲಿಗೆ, ಅಚ್ಚುಕಟ್ಟು ಇನ್ನೊಬ್ಬನ ಪಾಲಿಗೆ ಬಿದ್ದರೆ ಹೂಳೆತ್ತುವ ಖರ್ಚು ಯಾರೂ ಹೊರುವುದಿಲ್ಲ. ಹೂಳು ನೀರು ನಿಲ್ಲುವ ಜಾಗ ತಿಂದು, ನೀರು ಬಿಡುವ ತೂಬಿನ ಕಣ್ಣು ಕಟ್ಟುತ್ತದೆ. ಆಗ ನಾಲ್ಕು ದಿನ ಹೆಚ್ಚು ನೀರು ನಿಲ್ಲಲೆಂದು ಹೆಚ್ಚಿನ ನೀರು ಹರಿದುಹೋಗುವ ಕೋಡಿಗೆ ಕಲ್ಲು ಪೇರಿಸುತ್ತಾರೆ. ಹೋಗಲು ದಾರಿಯಿಲ್ಲದೆ ಮುಂದಿನ ದೊಡ್ಡ ಮಳೆಗೆ ಆ ನೀರು ಏರಿಯ ಮೇಲೇ ಹತ್ತಿ, ಏರಿ ಒಡೆಯುತ್ತದೆ. ನಿಮ್ಮ ರಾಜ್ಯ ಕುಸಿಯುವುದಕ್ಕೆ ಶತ್ರುವಿನ ಫಿರಂಗಿಯೇ ಬೇಕೆಂದಿಲ್ಲ.

ಚಿತ್ರದ ಜೊತೆ ಅಚ್ಚಾದ ಕಲ್ಪಿತ ಶಾಸನದಲ್ಲಿ ‘ಶಕ 1520, ಪ್ರಭವ ಸಂವತ್ಸರ, ಮಾಘ ಶುದ್ಧ, ಕ್ರಿ.ಶ. 1598’ ಎಂದಿದೆ. ಎರಡು ತಪ್ಪು. ಶಕವರ್ಷಕ್ಕೆ 78 ಕೂಡಿಸುವುದು ವಾಡಿಕೆ, ಸರಿ. ಆದರೆ ಜನವರಿಯಿಂದ ಯುಗಾದಿಯವರೆಗೆ ಬರುವ ತಿಥಿಗಳಿಗೆ 79 ಕೂಡಿಸಬೇಕು. ಮಾಘವಾದ್ದರಿಂದ 1599. ಸಂವತ್ಸರ ತಿಳಿಯಲು ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ, ಉಳಿದ ಶೇಷವನ್ನು ಪ್ರಭವದಿಂದ ಎಣಿಸಬೇಕು. ಇಲ್ಲಿ ಶೇಷ 32, ಅಂದರೆ ವಿಳಂಬಿ. ದಾನಶಾಸನವೆಂದ ಮೇಲೆ ಜಮೀನಿನ ಚತುಸ್ಸೀಮೆ, ಕೊನೆಯಲ್ಲಿ ದಾನ ಕೆಡಿಸಿದವರನ್ನು ಶಪಿಸುವ ಶಾಪಾಶಯದ ಶ್ಲೋಕ, ಮೇಲ್ತುದಿಯಲ್ಲಿ ಸೂರ್ಯ ಚಂದ್ರರೂ ಇರಬೇಕು. ನಿಮ್ಮ ಕಲಾವಿದರು ಸೂರ್ಯನನ್ನಷ್ಟೇ ಬರೆದು ಚಂದ್ರನನ್ನು ಬಿಟ್ಟಿದ್ದಾರೆ.

ಪುರವಣಿಯ ಮುಂದಿನ ಕಂತು ಅಚ್ಚಾಗುವ ಮೊದಲು ಇಸವಿ, ಸಂವತ್ಸರ ತಿದ್ದಿಕೊಳ್ಳಿ. ಒಂದು ಕೆರೆಯನ್ನೂ ಅದರ ನೀರು ಬಿಡುವ ನೀರುಗಂಟಿಯನ್ನೂ ಸೇರಿಸಿ. ಅವನಿಗೆ ಸಂಬಳ ಯಾರು ಕೊಡುತ್ತಾರೆಂದೂ ಬರೆಯಿರಿ.

– ಹೇಮಾವತಿ, ಮಡಕಶಿರಾ ಭಾಗದ ಓದುಗರು
ಶ್ರೀ ಸತ್ಯಸಾಯಿ ಜಿಲ್ಲೆ, ಆಂಧ್ರಪ್ರದೇಶ