ಆನ್‌ಲೈನ್ ಫಾರಂ ಮಾಡೋರು ಲೇಬಲ್ ಹಾಕ್ರಪ್ಪಾ

ಸಂಪಾದಕರೇ,

ನಮ್ಮಣ್ಣಂಗೆ ಕಣ್ಣು ಕಾಣಲ್ಲ, ಆದ್ರೆ ಮೊಬೈಲ್‌ನಲ್ಲಿ ಟಾಕ್‌ಬ್ಯಾಕ್ (ಪರದೆ ಮೇಲಿರೋದನ್ನ ಜೋರಾಗಿ ಓದಿ ಹೇಳೋ ಸೌಲಭ್ಯ) ಆನ್ ಮಾಡ್ಕೊಂಡು ವಾಟ್ಸಾಪು, ಫೋನ್‌ಪೇ ಎಲ್ಲಾ ತಾನೇ ನೋಡ್ಕೋತಾನೆ. ಹೋದ ವಾರ ಒಂದು ಅರ್ಜಿ ಆನ್‌ಲೈನ್‌ನಲ್ಲಿ ತುಂಬೋಕೆ ಕೂತ, ನಾನೂ ಪಕ್ಕದಲ್ಲೇ ಇದ್ದೆ, ಬೆರಳು ಇಟ್ಟ ಕಡೆಯೆಲ್ಲಾ ಫೋನು "ಎಡಿಟ್ ಬಾಕ್ಸ್, ಎಡಿಟ್ ಬಾಕ್ಸ್" ಅಂತ ಅಷ್ಟೇ ಹೇಳ್ತಿತ್ತು, ಹೆಸರಿಂದು ಯಾವ್ದು ಅಕೌಂಟ್ ನಂಬರಿಂದು ಯಾವ್ದು ಹೆಂಗೆ ಗೊತ್ತಾಗ್ಬೇಕು? ಮೂರು ಸಲ ಮೇಲಿಂದ ಕೆಳಗೆ ಹೋಗಿ ಬಂದು ಕೊನೆಗೆ ಫೋನ್ ನನ್ನ ಕೈಗಿಟ್ಟು "ನೀನೇ ತುಂಬಮ್ಮ" ಅಂದ. ನಾನಿದ್ದೆ ಸರಿ, ಇಲ್ದಿದ್ರೆ ಸೈಬರ್ ಸೆಂಟರಲ್ಲಿ ಯಾರದೋ ಮುಂದೆ ಅಕೌಂಟ್ ನಂಬರು ಓಟಿಪಿ ಎಲ್ಲಾ ಹೇಳ್ಬೇಕಿತ್ತು.

ನಾನು ವೆಬ್‌ಸೈಟ್ ಕೆಲಸ ಮಾಡೋಳು, ಆ ಪೇಜಿನ ಕೋಡ್ ತೆಗೆದು ನೋಡಿದ್ರೆ ಹೊಟ್ಟೆ ಉರೀತು. "ಅರ್ಜಿದಾರರ ಹೆಸರು" ಅಂತ ಬಾಕ್ಸ್ ಪಕ್ಕ ಬರೆದಿದಾರೆ, ಆದ್ರೆ ಎಚ್‌ಟಿಎಂಎಲ್‌ನಲ್ಲಿ, ಅಂದ್ರೆ ಪೇಜ್ ಬರೆಯೋ ಕೋಡ್‌ನಲ್ಲಿ, ಅದಕ್ಕೂ ಬಾಕ್ಸಿಗೂ ಸಂಬಂಧಾನೇ ಇಲ್ಲ. ಅದನ್ನ ಲೇಬಲ್ ಟ್ಯಾಗ್ (ಬಾಕ್ಸಿನ ಹೆಸರು ಹೇಳೋ ಕೋಡ್ ಗುರುತು) ಒಳಗೆ ಬರೆದು, ಅದರ 'ಫಾರ್' ಜಾಗದಲ್ಲಿ ಆ ಬಾಕ್ಸಿನ ಐಡಿ (ಕೋಡ್‌ನಲ್ಲಿ ಅದಕ್ಕಿಟ್ಟ ಹೆಸರು) ಕೊಟ್ರೆ ಮುಗೀತು, ಒಂದೇ ಸಾಲು, ಫೋನು ತಾನೇ ಹೆಸರು ಓದಿ ಹೇಳುತ್ತೆ. ಕಣ್ಣು ಕಾಣೋರಿಗೂ ಇದ್ರಿಂದ ಉಪಯೋಗ ಇದೆ, ಲೇಬಲ್ ಮೇಲೆ ಒತ್ತಿದ್ರೂ ಕರ್ಸರ್ ಬಾಕ್ಸಿಗೆ ಹೋಗುತ್ತೆ, ಕೈ ನಡುಗೋ ವಯಸ್ಸಾದವರಿಗೆ ಆ ಚಿಕ್ಕ ಚೌಕಕ್ಕೇ ಗುರಿ ಇಡೋ ಕಷ್ಟ ಇರಲ್ಲ. ತಪ್ಪಾದ್ರೆ ಬರೀ ಕೆಂಪು ಗೆರೆ ಎಳೆದು ಬಿಡ್ತಾರೆ, ಏನು ತಪ್ಪು ಅಂತ ಅಕ್ಷರದಲ್ಲಿ ಬರೀಬೇಕಲ್ವಾ? ತುಂಬ್ತಿರೋದು ಮನುಷ್ಯರೇ ಅಂತ ಖಚಿತ ಮಾಡ್ಕೊಳ್ಳೋಕೆ ಕೇಳೋ ಕ್ಯಾಪ್ಚಾ ಅಂತೂ ಬರೀ ಚಿತ್ರ, ಕೇಳಿಸಿಕೊಳ್ಳೋ ಬಟನ್ನೇ ಇಲ್ಲ.

ಇನ್ನೊಂದು, 'ಲಾಸ್ಟ್ ನೇಮ್' ಕಡ್ಡಾಯ, ಅದೂ ಒಂದಕ್ಷರ ಹಾಕಿದ್ರೆ ತಗೊಳ್ಳಲ್ಲ. ನಮ್ಮ ಕಡೆ ಎಷ್ಟೋ ಜನಕ್ಕೆ ಹೆಸರ ಜೊತೆ ಇರೋದೇ ಒಂದು ಇನಿಶಿಯಲ್ಲು, ಅವರೇನು ಹಾಕ್ಬೇಕು?

ಇದೇನು ಯಾರೋ ಮಾಡೋ ಉಪಕಾರ ಅಲ್ಲ ಸಾರ್. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ, 2025ರ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆ ಸಿಗೋದು ಸಂವಿಧಾನದ 21ನೇ ವಿಧಿ ಕೊಟ್ಟಿರೋ ಬದುಕುವ ಹಕ್ಕಿನ ಭಾಗ ಅಂತಾನೇ ಹೇಳಿದೆ. ಹಂಗಾಗಿ ವೆಬ್‌ಸೈಟ್ ಮಾಡಿಸೋ ಅಧಿಕಾರಿಗಳಲ್ಲಿ ಕೇಳ್ಕೊಳ್ಳೋದು ಇಷ್ಟೇ, ಬಿಲ್ ಪಾಸ್ ಮಾಡೋಕೆ ಮುಂಚೆ ಕಣ್ಣು ಕಾಣದೇ ಇರೋ ಒಬ್ಬರನ್ನ ಕೂರಿಸಿ, ಯಾರ ಸಹಾಯಾನೂ ಇಲ್ದೆ ಆ ಫಾರಂ ಪೂರ್ತಿ ತುಂಬಿ ಸಬ್ಮಿಟ್ ಒತ್ತೋಕೆ ಆಗುತ್ತಾ ನೋಡಿ.

– ಒಬ್ಬ ಓದುಗರು, ತುಮಕೂರು