ಡಬ್ಬಿ ಮುಗಿದ ಮರುದಿನದ ಬಗ್ಗೆ, ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ನೀನು ಕಳಿಸಿದ ಎರಡು ಫೋಟೊಗಳನ್ನು ತುಂಬ ಹೊತ್ತು ನೋಡುತ್ತ ಕೂತಿದ್ದೆ. ಒಂದು ಲ್ಯಾಬಿನ ರಿಪೋರ್ಟು, ಅದರಲ್ಲಿ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 6.1 ಅನ್ನುವ ಕಡೆ ನೀನೇ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೀಯ. ಇನ್ನೊಂದರಲ್ಲಿ ಮೇಜಿನ ಮೇಲಿಟ್ಟ, ಊಟದ ಬದಲಿಗೆ ಕಲಸಿ ಕುಡಿಯುವ ಶೇಕ್ ಪುಡಿಯ ಎರಡು ದೊಡ್ಡ ಡಬ್ಬಿ. ಕೆಳಗೆ, "ನಾಳೆಯಿಂದ ಮೂರು ಹೊತ್ತೂ ಇದೇ" ಅಂತ ಬರೆದಿದ್ದೀಯ.

ಈಗಲೇ ಬೇಡ ಕಣೋ. ಒಂದು ವಾರ ತಡೆ. ಶೇಕ್ ಕುಡಿದು ತೂಕ ಇಳಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಇದೇ ದಾರಿಯಲ್ಲಿ ಎರಡು ಸಲ ನಡೆದವನು ನಾನು. ಮೊದಲ ಸಲ ಇಳಿದಿದ್ದೆಲ್ಲ ವಾಪಸು ಬಂತು, ಎರಡನೇ ಸಲ ನಿಂತಿತು. ಎರಡು ಸಲವೂ ಪುಡಿ ಹೆಚ್ಚುಕಮ್ಮಿ ಒಂದೇ ಥರದ್ದು. ಹಾಗಾದರೆ ಬದಲಾಗಿದ್ದು ಏನು ಅನ್ನುವುದನ್ನು ನೀನು ಡಬ್ಬಿಯ ಸೀಲು ಒಡೆಯುವ ಮೊದಲೇ ಹೇಳಿಬಿಡಬೇಕು ಅನ್ನಿಸಿತು.

ಮೊದಲು ಆ 6.1ರ ಮಾತು. ಅಮೆರಿಕದ ಡಯಾಬಿಟಿಸ್ ಸಂಘದ ಲೆಕ್ಕದಲ್ಲಿ 5.7ರಿಂದ 6.4ರವರೆಗೆ ಪ್ರೀಡಯಾಬಿಟಿಸ್, 6.5 ಅಥವಾ ಅದಕ್ಕಿಂತ ಹೆಚ್ಚಾದರೆ ಸಕ್ಕರೆ ಕಾಯಿಲೆ. ಅಂದರೆ ನೀನು ಹೊಸ್ತಿಲ ಮೇಲಿದ್ದೀಯ, ಇನ್ನೂ ಒಳಗೆ ಕಾಲಿಟ್ಟಿಲ್ಲ. ಈ ಸಂಖ್ಯೆ ನಿನ್ನೆ ಮೊನ್ನೆ ತಿಂದಿದ್ದರ ಫಲವಲ್ಲ, ಹಿಂದಿನ ಎರಡು ಮೂರು ತಿಂಗಳ ಸರಾಸರಿ. ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಇದು ಇರುವುದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ಹಾಗಾಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಸಲ ರಕ್ತ ಕೊಡು. ಫಾಸ್ಟಿಂಗ್ ಶುಗರ್ 100ರಿಂದ 125ರ ನಡುವೆ ಬಂದರೆ ಎರಡೂ ಒಂದೇ ಮಾತು ಹೇಳುತ್ತಿವೆ ಅಂತ ಅರ್ಥ.

ಹೆದರಿ ಕೂರುವ ಸ್ಥಿತಿ ಇದಲ್ಲ ಅನ್ನುವುದಕ್ಕೆ ಆಧಾರ ಗಟ್ಟಿಯಾಗಿಯೇ ಇದೆ. ಅಮೆರಿಕದಲ್ಲಿ ನಿನ್ನ ಹಾಗೆ ಹೊಸ್ತಿಲಲ್ಲಿದ್ದ 3,234 ಜನರನ್ನು ಸುಮಾರು ಮೂರು ವರ್ಷ ಹಿಂಬಾಲಿಸಿ ನೋಡಿದರು. ಫಲಿತಾಂಶ ಬಂದದ್ದು 2002ರಲ್ಲಿ. ತೂಕದಲ್ಲಿ ಶೇ. 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು, ಇಷ್ಟೇ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಸಕ್ಕರೆ ಕಾಯಿಲೆಗೆ ಜಾರಿದವರು ಶೇ. 58ರಷ್ಟು ಕಡಿಮೆ. ಮೆಟ್‌ಫಾರ್ಮಿನ್ ಅನ್ನುವ ಸಕ್ಕರೆ ಇಳಿಸುವ ಮಾತ್ರೆ ತಿಂದ ಗುಂಪಿನಲ್ಲಿ ಶೇ. 31ರಷ್ಟು ಕಡಿಮೆ. ನೀನು 90 ಕಿಲೊ ಇದ್ದೀಯ ಅಂದೆಯಲ್ಲ, ಶೇ. 7 ಅಂದರೆ ಆರು ಕಿಲೊ ಚಿಲ್ಲರೆ. ಇಪ್ಪತ್ತು ಕಿಲೊ ಇಳಿಸಬೇಕು ಅಂತ ಪಣ ತೊಟ್ಟಿದ್ದೀಯ. ಆ ಪಣವನ್ನು ಈಗಲೇ ಕೈಬಿಡು ಅನ್ನಲಾರೆ, ಆದರೆ ಮೊದಲ ಆರು ಕಿಲೊಗೇ ಎಷ್ಟು ದೊಡ್ಡ ಪ್ರತಿಫಲ ಇದೆ ಅನ್ನುವುದು ನಿನ್ನ ತಲೆಯಲ್ಲಿರಲಿ.

ತೂಕ ಇಳಿದರೆ ಸಕ್ಕರೆ ಯಾಕೆ ಇಳಿಯುತ್ತದೆ? ಬ್ರಿಟನ್ನಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಅನ್ನುವ ವೈದ್ಯರು ಇದನ್ನು ಬಿಡಿಸಿ ಹೇಳಿದ್ದಾರೆ. ಚರ್ಮದಡಿಯಲ್ಲಿ ಇಟ್ಟುಕೊಳ್ಳಲಾಗದಷ್ಟು ಕೊಬ್ಬು ಸೇರಿದಾಗ ಅದು ಲಿವರಿಗೆ ಹೋಗಿ ಕೂರುತ್ತದೆ. ಕೊಬ್ಬು ತುಂಬಿದ ಲಿವರು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ರಾತ್ರಿಯಿಡೀ ಸಕ್ಕರೆ ಹೊರಹಾಕುತ್ತಲೇ ಇರುತ್ತದೆ. ಅಲ್ಲಿಂದ ಉಕ್ಕಿದ ಕೊಬ್ಬು ಮೇದೋಜೀರಕ ಗ್ರಂಥಿಗೆ ಹರಿದು, ಇನ್ಸುಲಿನ್ ಮಾಡುವ ಜೀವಕೋಶಗಳನ್ನೇ ಮಂಕು ಮಾಡುತ್ತದೆ. 2011ರಲ್ಲಿ ಅವರ ತಂಡ ಸಕ್ಕರೆ ಕಾಯಿಲೆ ಇದ್ದ 11 ಜನರಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿ ಮಾತ್ರ ಕೊಟ್ಟಿತು, ಬಹುಪಾಲು ಶೇಕ್ ರೂಪದಲ್ಲಿ. ಒಂದೇ ವಾರದಲ್ಲಿ ಬೆಳಗಿನ ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಬಂತು. ಹಾಗಂತ ಪುಡಿಯಲ್ಲಿ ಮದ್ದಿತ್ತು ಅಂದುಕೊಳ್ಳಬೇಡ. ಒಳಗೆ ಹೋಗುವುದು ಕಡಿಮೆಯಾದಾಗ ದೇಹ ಮೊದಲು ಕೈಹಾಕಿದ್ದು ಲಿವರಿನ ಕೊಬ್ಬಿಗೆ.

ನಮ್ಮಂಥ ಹೊಸ್ತಿಲಿನವರ ಮೇಲೆಯೇ ನಡೆದ ದೊಡ್ಡ ಅಧ್ಯಯನದ ಹೆಸರು ಪ್ರಿವ್ಯೂ. ಎಂಟು ದೇಶಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಎಂಟು ವಾರ ದಿನಕ್ಕೆ ಸುಮಾರು 800 ಕ್ಯಾಲೊರಿಯ ಪುಡಿಯ ಆಹಾರದ ಮೇಲಿದ್ದರು. ಸರಾಸರಿ ತೂಕದ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಇಳಿಯಿತು, ಮೂರರಲ್ಲೊಬ್ಬರ ಸಕ್ಕರೆ ಸಾಮಾನ್ಯಕ್ಕೆ ಮರಳಿತು. ಇಷ್ಟು ಓದಿದಾಗ ನನಗೆ ಎಲ್ಲಿಲ್ಲದ ಉತ್ಸಾಹ. ಮುಂದೆ ಓದಬೇಕಿತ್ತು. ಮೂರು ವರ್ಷಗಳ ಕೊನೆಗೆ ಇಳಿದ ತೂಕದಲ್ಲಿ ದೊಡ್ಡ ಪಾಲು ನಿಧಾನವಾಗಿ ಮರಳಿ ಬಂದಿತ್ತು, ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಡುವೆಯೇ ಬಿಟ್ಟುಹೋಗಿದ್ದರು. ಆದರೂ ಅಷ್ಟು ಜನರಲ್ಲಿ ಸಕ್ಕರೆ ಕಾಯಿಲೆ ಬಂದದ್ದು ಶೇ. 3ರಷ್ಟು ಮಂದಿಗೆ ಮಾತ್ರ. ಸಮಾಧಾನದ ವಿಷಯವೇ. ಆದರೆ ಇಳಿಸುವುದು ಎಂಟು ವಾರದ ಕೆಲಸ, ಇಳಿದದ್ದನ್ನು ಉಳಿಸಿಕೊಳ್ಳುವುದು ವರ್ಷಗಳ ಕೆಲಸ ಅನ್ನುವುದು ಅಲ್ಲೇ ಎದ್ದು ಕಾಣುತ್ತದೆ.

ನನ್ನ ಮೊದಲನೇ ಸಲದ ಕಥೆಯೂ ಅದೇ. ಯಾರನ್ನೂ ಕೇಳದೆ ಶುರು ಮಾಡಿದೆ. ಮೊದಲ ವಾರ ಮೂರು ಕಿಲೊ ಇಳಿಯಿತು, ಕುಣಿದಾಡಿಬಿಟ್ಟೆ. ಅದರಲ್ಲಿ ಬಹುಪಾಲು ನೀರು ಅಂತ ಆಮೇಲೆ ತಿಳಿಯಿತು: ದೇಹ ಸಕ್ಕರೆಯ ದಾಸ್ತಾನನ್ನು ಗ್ಲೈಕೋಜನ್ ರೂಪದಲ್ಲಿ ನೀರಿನ ಜೊತೆಗೇ ಇಟ್ಟುಕೊಂಡಿರುತ್ತದೆ, ಆ ದಾಸ್ತಾನು ಕರಗಿದಾಗ ನೀರೂ ಹೋಗುತ್ತದೆ. ಹತ್ತು ವಾರಕ್ಕೆ ಒಂಬತ್ತು ಕಿಲೊ. ಜೊತೆಗೆ ಮಲಬದ್ಧತೆ, ಕೂತು ಎದ್ದರೆ ತಲೆ ಸುತ್ತು, ಎಲ್ಲರೂ ಫ್ಯಾನ್ ಹಾಕು ಅನ್ನುವಾಗ ನನಗೊಬ್ಬನಿಗೇ ಚಳಿ. ಮೂರನೇ ತಿಂಗಳು ಬಾಚಣಿಗೆಯ ತುಂಬ ಕೂದಲು.

ಆ ದಿನಗಳಲ್ಲಿ ನನ್ನನ್ನು ಕಾಡಿದ್ದು ಹಸಿವಲ್ಲ ಕಣೋ, ಊಟದ ಮೇಜು. ಎಲ್ಲರ ಮುಂದೆ ತಟ್ಟೆ, ನನ್ನ ಮುಂದೆ ಪ್ಲಾಸ್ಟಿಕ್ಕಿನ ಶೇಕರ್. ಅಲುಗಿಸಿದಾಗ ಒಳಗಿನ ತಂತಿಯ ಚೆಂಡು ಕಟಕಟ ಅನ್ನುತ್ತಿತ್ತು, ಮಾತಾಡುತ್ತಿದ್ದವರು ಒಂದು ಕ್ಷಣ ನಿಲ್ಲಿಸುತ್ತಿದ್ದರು. ಐದು ಗುಟುಕಿಗೆ ನನ್ನ ಊಟ ಮುಗಿಯುತ್ತಿತ್ತು. ತಳದಲ್ಲಿ ಕರಗದೆ ಉಳಿದ ಗಂಟುಗಳನ್ನು ಚಮಚದಿಂದ ಕೆರೆದು ನಿಧಾನವಾಗಿ ಅಗಿಯುತ್ತಿದ್ದೆ. ರುಚಿಗಲ್ಲ, ಹಲ್ಲಿಗೆ ಏನಾದರೂ ಕೆಲಸ ಬೇಕಾಗಿತ್ತು. ಕೆಲವು ದಿನ ಆದ ಮೇಲೆ ಮೇಜಿಗೆ ಹೋಗುವುದನ್ನೇ ಬಿಟ್ಟೆ. ಅಡುಗೆಮನೆಯ ಸಿಂಕಿನ ಎದುರು ನಿಂತು ಕುಡಿದು, ಅಲ್ಲೇ ತೊಳೆದಿಟ್ಟು ಬರುತ್ತಿದ್ದೆ.

ಡಬ್ಬಿ ಮುಗಿದ ಮರುದಿನ ಏನು ತಿನ್ನಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಾರಿದವರು ಹೇಳಿದ್ದು ಇನ್ನೊಂದು ಡಬ್ಬಿ ತಗೊಳ್ಳಿ ಅಂತ ಮಾತ್ರ. ಹತ್ತು ವಾರ ಶೇಕರ್ ಅಲುಗಿಸಿದ್ದೆನೇ ಹೊರತು ಎಷ್ಟು ಬಡಿಸಿಕೊಳ್ಳಬೇಕು, ಯಾವಾಗ ಸಾಕು ಅನ್ನಬೇಕು ಅನ್ನುವುದನ್ನು ಕಲಿತಿರಲೇ ಇಲ್ಲ. ಅದೇ ಹಳೇ ತಟ್ಟೆ, ಅದೇ ಹಳೇ ಅಳತೆ. ತೂಕ ಇಳಿದ ದೇಹಕ್ಕೆ ಮೊದಲಿನಷ್ಟು ಬೇಕಾಗುವುದಿಲ್ಲ, ಆದರೆ ಹಸಿವು ಮಾತ್ರ ಮೊದಲಿಗಿಂತ ಜೋರಾಗಿರುತ್ತದೆ. ಹನ್ನೊಂದು ತಿಂಗಳಲ್ಲಿ ಒಂಬತ್ತೂ ವಾಪಸು, ಮೇಲೊಂದು ಕಿಲೊ. ಎಚ್‌ಬಿಎ1ಸಿ 5.9 ಇದ್ದದ್ದು 6.2 ಆಯಿತು.

ಎರಡನೇ ಸಲ ವೈದ್ಯರ ಹತ್ತಿರ ಹೋಗಿ ಕೂತೆ. ಅವರು ಮೊದಲು ನೋಡಿದ್ದು ನನ್ನ ಬಿಪಿ ಮಾತ್ರೆ. ತೂಕ ಇಳಿಯುತ್ತಿದ್ದಂತೆ ಬಿಪಿಯೂ ಇಳಿಯುತ್ತದೆ, ಮಾತ್ರೆ ಹಳೇ ಪ್ರಮಾಣದಲ್ಲೇ ಇದ್ದರೆ ತಲೆ ಸುತ್ತಿ ಬೀಳುವ ಭಯ. ಮೊದಲನೇ ಸಲದ ತಲೆಸುತ್ತು ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು. ನೀನೂ ಬಿಪಿಗೆ ಮಾತ್ರೆ ತಗೊಳ್ಳುತ್ತೀಯ, ಅದಕ್ಕೇ ಈ ಒಂದು ವಾರ ತಡೆ ಅಂದದ್ದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗಂತೂ ವೈದ್ಯರನ್ನು ಕೇಳದೆ ಹೀಗೆ ಮಾಡುವುದು ನಿಜಕ್ಕೂ ಅಪಾಯ.

ಮೂರು ಹೊತ್ತೂ ಶೇಕ್ ಬೇಡ, ಎರಡು ಹೊತ್ತು ಸಾಕು, ಒಂದು ಹೊತ್ತು ಎಲ್ಲರ ಜೊತೆ ಕೂತು ಊಟ ಮಾಡಿ ಅಂದರು. ಯುರೋಪಿನ ಒಕ್ಕೂಟವೂ ಇಂಥ ಪುಡಿಗಳ ಮೇಲೆ ಬರೆದುಕೊಳ್ಳಲು ಒಪ್ಪಿರುವ ಮಾತು ಹೀಗೇ ಇದೆ: ದಿನಕ್ಕೆ ಎರಡು ಊಟದ ಬದಲು ತೆಗೆದುಕೊಂಡರೆ ತೂಕ ಇಳಿಯಲು ಸಹಾಯ, ಇಳಿದ ಮೇಲೆ ಒಂದು ಊಟದ ಬದಲು ತೆಗೆದುಕೊಂಡರೆ ಉಳಿಸಿಕೊಳ್ಳಲು ಸಹಾಯ. ನಿಧಾನ ಅನ್ನಿಸಿತು, ನಿಜ. ಆದರೆ ಆ ಒಂದು ಹೊತ್ತಿನ ತಟ್ಟೆಯೇ ನನಗೆ ಪಾಠಶಾಲೆ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಪ್ರೊಟೀನು, ಉಳಿದ ಕಾಲು ಭಾಗ ಧಾನ್ಯ. ಮೊದಲ ವಾರ ಆ ಕಾಲು ಭಾಗ ನೋಡಿದರೆ ಅಳು ಬರುವಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಆರನೇ ವಾರಕ್ಕೆ ಅಷ್ಟೇ ತಿಂದು ಎದ್ದಾಗ, ಇನ್ನೂ ಬೇಕಿತ್ತು ಅಂತ ಅನ್ನಿಸಲೇ ಇಲ್ಲ.

ಶೇಕ್ ಬಿಡುವುದನ್ನೂ ಒಂದೇ ದಿನ ಮಾಡಲಿಲ್ಲ. ಮೊದಲು ಬೆಳಗಿನದನ್ನು ಬಿಟ್ಟೆ, ನಾಲ್ಕು ವಾರ ಆದಮೇಲೆ ರಾತ್ರಿಯದನ್ನು. ಬ್ರಿಟನ್ನಿನಲ್ಲಿ ನಡೆದ ಡೈರೆಕ್ಟ್ ಅನ್ನುವ ಪ್ರಯೋಗದಲ್ಲೂ ಎರಡರಿಂದ ಎಂಟು ವಾರಗಳಲ್ಲಿ ಹಂತಹಂತವಾಗಿ ಊಟವನ್ನು ವಾಪಸು ತಂದರು. ಅಲ್ಲಿದ್ದವರು ಆಗಲೇ ಸಕ್ಕರೆ ಕಾಯಿಲೆ ಬಂದವರು; ಒಂದು ವರ್ಷದ ಕೊನೆಗೆ ಶೇ. 46ರಷ್ಟು ಜನ ಮಾತ್ರೆಯಿಲ್ಲದೆ ಕಾಯಿಲೆಯ ಮಿತಿಯಿಂದ ಕೆಳಗಿದ್ದರು, ಎರಡು ವರ್ಷಕ್ಕೆ ಶೇ. 36. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ತೂಕ ಮರಳಿದರೆ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟುಕೊಂಡಿದ್ದದ್ದು. ಎರಡು ಕಿಲೊ ಏರಿದರೆ ಕೆಲವು ವಾರ ಒಂದೆರಡು ಊಟದ ಜಾಗಕ್ಕೆ ಮತ್ತೆ ಶೇಕ್. ಅದನ್ನೇ ನಾನೂ ಪಾಲಿಸುತ್ತೇನೆ. ಪ್ರತಿ ಸೋಮವಾರ ಬೆಳಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಈ ಎರಡೂವರೆ ವರ್ಷದಲ್ಲಿ ಮೂರು ಸಲ ಆ ಎರಡು ಕಿಲೊ ಗೆರೆ ದಾಟಿದೆ, ಮೂರು ಸಲವೂ ಡಬ್ಬಿ ಕಪಾಟಿನಿಂದ ಕೆಳಗಿಳಿದಿದೆ. ಈಗ ಆರೂವರೆ ಕಿಲೊ ಕಡಿಮೆ ಇದ್ದೇನೆ, ಹೋದ ತಿಂಗಳ ಎಚ್‌ಬಿಎ1ಸಿ 5.6.

ಇನ್ನು ಡಬ್ಬಿಯ ಹಿಂಬದಿ. ಮುಂಬದಿಯ ದೊಡ್ಡ ಅಕ್ಷರ ಬಿಡು, ಅದರಿಂದ ಏನೂ ತಿಳಿಯುವುದಿಲ್ಲ. ಪ್ರೊಟೀನ್ ಪೌಡರ್ ಬೇರೆ, ಊಟದ ಬದಲಿ ಪುಡಿ ಬೇರೆ. ಪ್ರೊಟೀನ್ ಪೌಡರಿನಲ್ಲಿ ವಿಟಮಿನ್, ಖನಿಜ, ನಾರು ಇರಲೇಬೇಕೆಂದಿಲ್ಲ. ಮಾಸ್ ಗೇನರ್ ಅಂತ ಬರುತ್ತದಲ್ಲ, ಅದು ತೂಕ ಏರಿಸಲಿಕ್ಕೇ ಮಾಡಿದ್ದು. ಒಂದು ಊಟದ ಬದಲಿಗೆ 200ರಿಂದ 400 ಕ್ಯಾಲೊರಿ, ಅದರಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಷ್ಟು ಪ್ರೊಟೀನಿನಿಂದ ಬರಬೇಕು ಅನ್ನುವುದು ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡ. ಆಮೇಲೆ ಸಾಮಗ್ರಿಗಳ ಪಟ್ಟಿ ಓದು. ಮೊದಲ ಎರಡು ಮೂರು ಹೆಸರಿನಲ್ಲಿ ಮಾಲ್ಟೋಡೆಕ್ಸ್ಟ್ರಿನ್ ಇದ್ದರೆ ಪಕ್ಕಕ್ಕಿಡು. ಅದು ಸಿಹಿಯಿರುವುದಿಲ್ಲ, 'ಸಕ್ಕರೆ' ಅನ್ನುವ ಸಾಲಿನ ಲೆಕ್ಕಕ್ಕೂ ಬರುವುದಿಲ್ಲ, ಆದರೆ ರಕ್ತದ ಸಕ್ಕರೆಯನ್ನು ಸಕ್ಕರೆಯಷ್ಟೇ ಬೇಗ ಏರಿಸುತ್ತದೆ. ನೀರಿನಲ್ಲಿ ಕಲಸಬೇಕೋ ಹಾಲಿನಲ್ಲೋ ಅಂತಲೂ ನೋಡಿಕೋ. ನೀರು ಅಂದ ಕಡೆ ಹಾಲು ಹಾಕಿದರೆ ಕ್ಯಾಲೊರಿಯ ಲೆಕ್ಕವೇ ಬೇರೆ.

ಪ್ರೊಟೀನ್ ಚೆನ್ನಾಗಿರಲಿ ಅನ್ನುವುದು ಸುಮ್ಮನೆ ಹೇಳುವ ಮಾತಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಪ್ರಾಣಿಗಳ ಚರ್ಮ, ಸ್ನಾಯುರಜ್ಜುಗಳಿಂದ ತೆಗೆದ ಕಳಪೆ ಪ್ರೊಟೀನಿನ ದ್ರವ ಕುಡಿದು ತೂಕ ಇಳಿಸಲು ಹೋಗಿ, ಹೃದಯದ ಬಡಿತ ತಪ್ಪಿ ಹತ್ತಾರು ಜನ ಸತ್ತರು. ಇವತ್ತಿನ ಒಳ್ಳೆಯ ಪುಡಿ ಹಾಗಲ್ಲ. ಆದರೂ ದಿನಕ್ಕೆ 800 ಕ್ಯಾಲೊರಿಗೆ ಇಳಿಯುವುದನ್ನು ವೈದ್ಯರ ಕಣ್ಣಳತೆಯಲ್ಲಷ್ಟೇ ಮಾಡಬೇಕು. ತೂಕ ಸರಸರ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು, ಬಲಗಡೆ ಪಕ್ಕೆಯಡಿ ನೋವು ಬಂದರೆ ತಡಮಾಡಬೇಡ. ನಡಿಗೆಯ ಜೊತೆ ವಾರಕ್ಕೆರಡು ಸಲ ಭಾರ ಎತ್ತು; ಊಟದ ಸಕ್ಕರೆಯನ್ನು ಹೀರಿಕೊಳ್ಳುವುದರಲ್ಲಿ ಸ್ನಾಯುವಿನದ್ದೇ ದೊಡ್ಡ ಪಾಲು, ಅದೂ ಕೊಬ್ಬಿನ ಜೊತೆ ಕರಗಿಹೋದರೆ ನಷ್ಟ ನಮ್ಮದೇ.

ನಿನ್ನ ಮಗಳೂ ಜೊತೆಯಲ್ಲಿ ಕುಡಿಯುತ್ತೇನೆ ಅನ್ನುತ್ತಿದ್ದಾಳೆ ಅಂತ ಬರೆದಿದ್ದೀಯ. ಬೇಡ. ಹದಿನಾರು ವರ್ಷದ ಹುಡುಗಿ, ಬೆಳೆಯುವ ದೇಹ, ಕನ್ನಡಿಯ ಮುಂದೆ ತನ್ನನ್ನೇ ಅಳೆದುಕೊಳ್ಳುವ ವಯಸ್ಸು. ಅವಳ ಮುಂದೆ ಕ್ಯಾಲೊರಿಯ ಮಾತನ್ನೇ ಕಡಿಮೆ ಆಡು. ನೀನು ಮಾಡುವ ಆ ಒಂದು ಹೊತ್ತಿನ ಊಟ ಇದೆಯಲ್ಲ, ಅದಕ್ಕೆ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೋ. ನನ್ನ ಹಾಗೆ ಸಿಂಕಿನ ಎದುರು ನಿಂತು ಮಾತ್ರ ಕುಡಿಯಬೇಡ.

ಈಗ ಎರಡು ಕೆಲಸ ಮಾಡು. ಆ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಸರಿಯಾಗಿ ಕಾಣುವ ಹಾಗೆ ಬೆಳಕಿನಲ್ಲಿ ಫೋಟೊ ತೆಗೆದು ಕಳಿಸು. ನೀನು ತಗೊಳ್ಳುವ ಮಾತ್ರೆಗಳ ಹೆಸರನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೋ, ವೈದ್ಯರ ಮುಂದೆ ಮರೆತುಹೋಗುತ್ತದೆ. ಅವರನ್ನು ಕಂಡು ಬಂದ ದಿನ ಸಂಜೆ ಫೋನ್ ಮಾಡು. ಡಬ್ಬಿ ಮುಗಿದ ಮರುದಿನ ನಿನ್ನ ತಟ್ಟೆಯಲ್ಲಿ ಏನೇನು ಇರಬೇಕು ಅಂತ ಇಬ್ಬರೂ ಕೂತು ಬರೆಯೋಣ. ಆಮೇಲೆ ಸೀಲು ಒಡೆ.

ನಿನ್ನ
ಹಳೇ ಗೆಳೆಯ