ಮೆಹ್ರೌಲಿಯನ್ನೂ ತೋರಿಸಿ

ಮಾನ್ಯರೇ,

ದಾವಣಗೆರೆಯಿಂದ ದೆಹಲಿಗೆ ಹೋಗುವ ಪ್ರವಾಸಿ ತಂಡಗಳಿಗೆ ಕುತುಬ್ ಮಿನಾರ್ ತೋರಿಸಿದ ಮೇಲೆ, ಸಮೀಪದ ಮೆಹ್ರೌಲಿಯನ್ನೂ ತೋರಿಸಬೇಕು. 1235ರಲ್ಲಿ ನಿಧನರಾದ ಸೂಫಿ ಸಂತ ಬಖ್ತಿಯಾರ್ ಕಾಕಿಯವರ ದರ್ಗಾ, 1716ರಲ್ಲಿ ಸಿಖ್ ಸೇನಾನಿ ಬಂದಾ ಸಿಂಗ್ ಬಹಾದ್ದೂರ್ ಹುತಾತ್ಮರಾದ ಸ್ಥಳದ ಗುರುದ್ವಾರ ಎರಡೂ ಅಲ್ಲಿವೆ. ಕಾಕಿಯವರ ಶಿಷ್ಯ ಬಾಬಾ ಫರೀದರ ಪದ್ಯಗಳು ಸಿಖ್ಖರ ಪವಿತ್ರ ಗ್ರಂಥ ಗುರು ಗ್ರಂಥ ಸಾಹಿಬ್‌ನಲ್ಲಿವೆ. ಎಂಥ ಸೊಗಸಾದ ನಂಟು!

ಎರಡೂ ಕಡೆ ಚಪ್ಪಲಿ ಹೊರಗೆ, ತಲೆಗೆ ಬಟ್ಟೆ. ಗುರುದ್ವಾರದಲ್ಲಿ ಟೋಪಿ ಸಲ್ಲದು, ಅಗಲವಾದ ಕರವಸ್ತ್ರ ಬೇಕು. ಜೇಬಿನಲ್ಲಿ ಬೀಡಿ, ಗುಟ್ಕಾ ಇರಲೇಬಾರದು. ಅಲ್ಲಿ ಕೊಡುವ, ತುಪ್ಪ ಜಿನುಗುವ ಗೋಧಿ ಹಲ್ವಾ ‘ಕಡಾ ಪ್ರಸಾದ’ಕ್ಕೆ ಎರಡೂ ಕೈ ಬೊಗಸೆಯೊಡ್ಡಬೇಕು. ದರ್ಗಾದಲ್ಲಿ ಮಹಿಳೆಯರಿಗೆ ಗೋರಿಯ ಬಳಿಗೆ ಪ್ರವೇಶವಿಲ್ಲ, ಜಾಲರಿಯ ಕಿಂಡಿಗಳಿಂದಷ್ಟೇ ದರ್ಶನ. ಮೊದಲೇ ಹೇಳದಿದ್ದರೆ ಬಾಗಿಲಲ್ಲಿ ಮುಜುಗರವಾಗುತ್ತದೆ. ಪ್ರವಾಸ ಏರ್ಪಡಿಸುವವರು ಇದಕ್ಕೆಂದು ಎರಡು ಗಂಟೆ ಮೀಸಲಿಟ್ಟು, ಈ ಸೂಚನೆಗಳನ್ನು ಹೊರಡುವ ಮುನ್ನವೇ ಮುದ್ರಿಸಿ ಕೊಡಲಿ.

– ಓರ್ವ ಓದುಗ, ದಾವಣಗೆರೆ